ಪುಟಕ್ಕಿಟ್ಟ ಕೈ

ಮೊದಲು ನೋವಾಗಲಿಲ್ಲ. ಇಸ್ತ್ರಿ ಮಾಡಿದ ಬಟ್ಟೆಯ ವಾಸನೆ ಬಂತು. ದಿನಾ ಬರುವ ವಾಸನೆ. ಅದರ ಹಿಂದೆಯೇ ಇನ್ನೊಂದು ವಾಸನೆ ಬಂತು. ಅದು ನನ್ನದು ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಲಾಂಡ್ರಿಯಲ್ಲಿ ದೊಡ್ಡ ರೋಲರಿಗೆ ಬಟ್ಟೆ ಕೊಡುವುದು ನನ್ನ ಕೆಲಸ. ಹೋಟೆಲುಗಳಿಂದ, ಆಸ್ಪತ್ರೆಗಳಿಂದ ಹಾಸಿಗೆಯ ಬಟ್ಟೆಗಳು ಮೂಟೆ ಮೂಟೆ ಬರುತ್ತವೆ. ಒಗೆದು ಹಿಂಡಿದ ಮೇಲೆ ನಮ್ಮ ಹತ್ತಿರ ಬರುತ್ತವೆ. ಒಂದು ತುದಿ ನಾನು ಹಿಡಿಯಬೇಕು, ಇನ್ನೊಂದು ತುದಿ ಉದ್ದಕ್ಕ ಹಿಡಿಯಬೇಕು. ಸುಕ್ಕಿಲ್ಲದ ಹಾಗೆ ಎಳೆದು ರೋಲರಿನ ಬಾಯಿಗೆ ಕೊಡಬೇಕು. ಒಳಗೆ ಹಬೆಯಿಂದ ಕಾದ ಉರುಳೆ ತಿರುಗುತ್ತಿರುತ್ತದೆ. ಬಟ್ಟೆ ಆ ಕಡೆಯಿಂದ ಒಣಗಿ ಚಪ್ಪಟೆಯಾಗಿ ಹೊರಬರುತ್ತದೆ. ಅಲ್ಲಿ ನಿಂತವರು ಮಡಿಸುತ್ತಾರೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಇಷ್ಟೇ. ಕೂರುವಂತಿಲ್ಲ. ಸೊಂಟ ಬಿದ್ದುಹೋದರೂ ಯಂತ್ರ ನಿಲ್ಲುವುದಿಲ್ಲ.

ಉದ್ದಕ್ಕನ ಹೆಸರೇನೋ ಬೇರೆ ಇದೆ. ಅವಳ ಎತ್ತರ ನೋಡಿದವರು ಆ ಹೆಸರನ್ನು ಮರೆಯುತ್ತಾರೆ. "ದೇವರು ನನ್ನನ್ನ ಹೊಲಿಯೋವಾಗ ಅಳತೆ ಪಟ್ಟಿ ಕಳ್ಕೊಂಡಿದ್ದ" ಎಂದು ಅವಳೇ ಹೇಳುತ್ತಾಳೆ. ಬಗ್ಗಿ ಬಗ್ಗಿ ಕೆಲಸ ಮಾಡಿ ಅವಳ ಬೆನ್ನು ಬಾಗಿದೆ.

ರೋಲರಿನ ಬಾಯಿಯ ಮುಂದೆ ಒಂದು ಕಬ್ಬಿಣದ ಅಡ್ಡಪಟ್ಟಿ ಇದೆ. ಬೆರಳು ತಾಗಿದರೆ ಸಾಕು, ಯಂತ್ರ ನಿಲ್ಲುತ್ತದೆ. ಅದನ್ನು ಇಟ್ಟಿರುವುದೇ ಅದಕ್ಕೆ. ಆದರೆ ದಪ್ಪ ಬಟ್ಟೆ ತಾಗಿದರೂ ನಿಲ್ಲುತ್ತಿತ್ತು. ಮತ್ತೆ ಶುರು ಮಾಡಬೇಕಿತ್ತು. ಒಂದು ದಿನ ಯಜಮಾನರು ಬಂದು ನಿಂತು ನೋಡಿದರು. "ಇದೇನಯ್ಯ, ಮುಟ್ಟಿದರೆ ಮುನಿ ಥರ" ಎಂದರು. ಅಷ್ಟೇ ಹೇಳಿ ಹೋದರು. ಮರುದಿನ ಮೇಸ್ತ್ರಿ ಪಟ್ಟಿಯನ್ನು ಮೇಲಕ್ಕೆತ್ತಿ ತಂತಿ ಸುತ್ತಿ ಬಿಗಿದು ಕಟ್ಟಿದ.

"ಕೈ ಹೋದ್ರೆ?" ಎಂದು ಉದ್ದಕ್ಕ ಕೇಳಿದಳು.

"ಕೈ ಯಾಕೆ ಹೋಗುತ್ತೆ? ಕಣ್ಣು ಬಿಟ್ಕೊಂಡು ಕೆಲಸ ಮಾಡಿ" ಎಂದ ಮೇಸ್ತ್ರಿ.

ನನ್ನ ಕಣ್ಣು ತೆರೆದೇ ಇತ್ತು. ಬಟ್ಟೆಯ ಅಂಚು ಮಡಿಚಿಕೊಂಡಿತು. ಬಿಡಿಸಲು ಬೆರಳು ಚಾಚಿದೆ. ಒದ್ದೆ ಬಟ್ಟೆ ಬೆರಳಿಗೆ ಸುತ್ತಿಕೊಂಡು ಎಳೆಯಿತು. ಮುಂಗೈಯವರೆಗೆ ಒಳಗೆ ಹೋಯಿತು. ನನ್ನ ಕೈ ಹೋಗುವುದನ್ನು ನಾನು ನೋಡಿದೆ. ಬೇರೆ ಯಾರದೋ ಕೈ ನೋಡಿದ ಹಾಗೆ ನೋಡಿದೆ. ಉದ್ದಕ್ಕ ಕಿರುಚುತ್ತಾ ಆ ಪಟ್ಟಿಯನ್ನು ಗುದ್ದುತ್ತಿದ್ದಳು. ಕಟ್ಟಿದ ಪಟ್ಟಿ ಅಲ್ಲಾಡಲಿಲ್ಲ. ಗೋಡೆಯ ಹತ್ತಿರದ ಸ್ವಿಚ್ಚಿಗೆ ಯಾರೋ ಓಡಿದರು. ಅವರು ತಲುಪುವವರೆಗೆ ಉರುಳೆ ತಿರುಗುತ್ತಲೇ ಇತ್ತು.

ಆ ಬಟ್ಟೆ ಆ ಕಡೆಯಿಂದ ಹೊರಬಂದಿತ್ತು. ಕಲೆಯಾಗಿತ್ತು. ಮೇಸ್ತ್ರಿ ಅದನ್ನು ಮತ್ತೆ ಒಗೆಯುವ ರಾಶಿಗೆ ಎಸೆದ. ನನ್ನನ್ನು ಹೊರಗೆ ಹೊತ್ತುಕೊಂಡು ಹೋಗುವಾಗ ಅದು ಕಣ್ಣಿಗೆ ಬಿತ್ತು. ಇವತ್ತಿಗೂ ಮೊದಲು ನೆನಪಾಗುವುದು ಅದೇ. ಯಾವುದೋ ಹೋಟೆಲಿನಲ್ಲಿ ಯಾರೋ ಅದರ ಮೇಲೆ ಮಲಗಿರಬೇಕು.

ಆಸ್ಪತ್ರೆಯಲ್ಲಿ ಬಲಗೈಯ ಕಿರುಬೆರಳನ್ನೂ ಉಂಗುರದ ಬೆರಳನ್ನೂ ತೆಗೆದರು. ಉಳಿದವು ಉಳಿದವು. ತೊಡೆಯ ಚರ್ಮ ತೆಗೆದು ಕೈಗೆ ಹಾಕಿದರು. ವಾಸಿಯಾಗುತ್ತದೆ, ಆದರೆ ಸ್ಪರ್ಶ ಬರುವುದಿಲ್ಲ ಎಂದರು ಡಾಕ್ಟರು. ಅಂದರೆ ಏನು ಎಂದು ನಾನು ಕೇಳಲಿಲ್ಲ. ಸೂಜಿಯಿಂದ ಚುಚ್ಚಿ "ಗೊತ್ತಾಗುತ್ತಾ" ಎಂದರು. ಇಲ್ಲ ಎಂದೆ. "ಇಲ್ಲಿ?" ಇಲ್ಲ. "ಇಲ್ಲಿ?" ಇಲ್ಲ ಎನ್ನುವುದೇ ಒಂದು ಅಭ್ಯಾಸವಾಯಿತು. ಊಟ ಸೇರಿತಾ ಎಂದು ದಾದಿ ಕೇಳಿದರೂ ಇಲ್ಲ ಎನ್ನುತ್ತಿದ್ದೆ.

ಯಜಮಾನರು ನೋಡಲು ಬಂದರು. ಜೊತೆಗೆ ಪಾಸ್ಟರು. ಲಾಂಡ್ರಿಗೆ ಯಜಮಾನರಾದವರೇ ನಮ್ಮ ಚರ್ಚಿನ ಆಡಳಿತಕ್ಕೂ ಹಿರಿಯರು. ಅವರು ಮುಂದಿನ ಬೆಂಚಿನಲ್ಲಿ ಕೂರುತ್ತಾರೆ. ಆ ಬೆಂಚನ್ನು ಮಾಡಿಸಿದವರೂ ಅವರೇ. ನಾವು ಲಾಂಡ್ರಿಯವರು ಹಿಂದೆ, ಬಾಗಿಲ ಹತ್ತಿರ ಕೂರುತ್ತೇವೆ. ಹಿಂದೆ ಕೂರಿ ಎಂದು ಯಾರೂ ಹೇಳಿಲ್ಲ. ಒಮ್ಮೆ ಮುಂದೆ ಕೂತ ನಮ್ಮವಳೊಬ್ಬಳನ್ನು ಅವರು ನೋಡಿದ ನೋಟವೇ ಸಾಕಾಗಿತ್ತು.

"ಏನಮ್ಮ, ಗಮನ ಎಲ್ಲಿತ್ತು?" ಎಂದರು ಯಜಮಾನರು. ಗದರಲಿಲ್ಲ. ಮಗುವಿಗೆ ಕೇಳುವ ಹಾಗೆ ಕೇಳಿದರು.

ನಾನು ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡೆ.

ಪಾಸ್ಟರು ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ದೇವರು ಪ್ರೀತಿಸುವವರನ್ನೇ ಬೆಂಕಿಗೆ ಹಾಕುತ್ತಾನೆ, ಪುಟಕ್ಕಿಟ್ಟ ಚಿನ್ನದ ಹಾಗೆ ಇವಳು ಹೊಳೆಯುತ್ತಾಳೆ ಎಂದರು. ಯಜಮಾನರು ಕಣ್ಣು ಮುಚ್ಚಿ ಆಮೆನ್ ಎಂದರು. ಪಾಸ್ಟರು ಕೆಟ್ಟವರಲ್ಲ. ನನ್ನ ಗಂಡ ತೀರಿಕೊಂಡಾಗ ಶವದ ಪಕ್ಕ ನೆಲದ ಮೇಲೆ ಇಡೀ ದಿನ ಕೂತಿದ್ದರು. ಅವರ ಅಂಗಿಯ ಕಾಲರು ಸವೆದಿರುತ್ತದೆ. ಅವರ ಮನೆಯೂ ಯಜಮಾನರ ಜಾಗದಲ್ಲೇ ಇದೆ.

ಅವರು ಹೋದ ಮೇಲೆ ನಾನೂ ಪ್ರಾರ್ಥಿಸಲು ನೋಡಿದೆ. ಕೈಗಾದದ್ದೇ ಒಳಗೂ ಆಗಿತ್ತು. ಚುಚ್ಚಿದರೂ ಗೊತ್ತಾಗಲಿಲ್ಲ.

ಮನೆಗೆ ಬಂದೆ. ಮನೆಯೆಂದರೆ ಒಂದು ಕೋಣೆ, ಅದರ ಹಿಂದೆ ಸ್ನಾನಕ್ಕೆ ಒಂದು ಮೂಲೆ. ಮೂರು ಜನ ಹೆಂಗಸರು. ಅತ್ತೆ, ನಾದಿನಿ, ನಾನು. ಮಗ ಸತ್ತ ಮೇಲೆ ಸೊಸೆಯನ್ನು ತವರಿಗೆ ಕಳಿಸು ಎಂದು ನೆಂಟರು ಹೇಳಿದಾಗ ಅತ್ತೆ "ಅವಳನ್ನ ಕಳಿಸಿದ್ರೆ ನಾನು ಯಾರ ಜೊತೆ ಜಗಳ ಆಡ್ಲಿ?" ಎಂದಿದ್ದರು. ಅವರು ಮನೆಮನೆಯ ಬಟ್ಟೆ ಒಗೆದು ಬದುಕಿದವರು. ಒಗೆಯುವ ಸೋಡಾ ಚರ್ಮ ತಿಂದು ಅವರ ಅಂಗೈಯಲ್ಲಿ ಗೆರೆಗಳೇ ಉಳಿದಿಲ್ಲ. ಬಾಯಲ್ಲಿ ಹಲ್ಲೂ ಹೆಚ್ಚು ಉಳಿದಿಲ್ಲ. ನಾಲಿಗೆ ಮಾತ್ರ ಪೂರ್ತಿ ಇದೆ.

ಅತ್ತೆ ನನಗೆ ಸ್ನಾನ ಮಾಡಿಸಿದರು. ತಲೆ ಬಾಚಿದರು. ಅಂಗಿಯ ಗುಂಡಿ ಹಾಕಿದರು. ಕಕ್ಕಸಿಗೆ ಹೋದಾಗಲೂ ಅವರೇ ಬರಬೇಕಾಯಿತು. ಅಷ್ಟು ವಯಸ್ಸಾದವರು ನನ್ನನ್ನು ತೊಳೆಯುವಾಗ ನಾನು ಗೋಡೆ ನೋಡುತ್ತಿದ್ದೆ.

"ಯಾಕೆ ಮುಖ ತಿರುಗಿಸ್ತೀಯ? ನಿನ್ನ ಗಂಡನ್ನೂ ಹೀಗೇ ತೊಳೆದೆ ನಾನು. ಅವನು ಒದೀತಿದ್ದ. ನೀನಾದ್ರೂ ಸುಮ್ನೆ ನಿಂತಿದೀಯ" ಎಂದರು.

ನಗು ಬರಬೇಕಿತ್ತು. ಬರಲಿಲ್ಲ. ಅವರು ನನ್ನ ಮುಖ ನೋಡಿ ಮತ್ತೆ ನೀರು ಹಾಕಿದರು.

ಒಲೆಯ ಮೇಲಿನ ಪಾತ್ರೆಯನ್ನು ನಾನು ಬರಿಗೈಯಲ್ಲಿ ಇಳಿಸಿದೆ ಒಂದು ಮಧ್ಯಾಹ್ನ. ಬಲಗೈಯಿಂದ. ಕುದಿಯುತ್ತಿತ್ತು. ಇಳಿಸಿ ಕೆಳಗಿಟ್ಟೆ. ಹಿಡಿದುಕೊಂಡೇ ಕೂತಿದ್ದೆ. ಅತ್ತೆ ಬಂದು ನನ್ನ ಕೈಗೆ ಹೊಡೆದು ಬಿಡಿಸಿದರು. ಹೊಸ ಚರ್ಮ ಬೆಂದಿತ್ತು.

"ಹುಚ್ಚು ಹಿಡಿದಿದೆಯಾ ನಿಂಗೆ?"

"ಗೊತ್ತಾಗುತ್ತಾ ಅಂತ ನೋಡ್ದೆ ಅತ್ತೆ."

ಅವರು ಬಿಂದಿಗೆಯ ಹತ್ತಿರ ಹೋದರು. ತಣ್ಣೀರು ತಂದು ಕೈ ಅದ್ದಿ ಹಿಡಿದುಕೊಂಡು ಕೂತರು. ಬಹಳ ಹೊತ್ತು ಕೂತರು. ಅವರು ಹಿಡಿದಿರುವುದೂ ನನಗೆ ತಿಳಿಯುತ್ತಿರಲಿಲ್ಲ.

ನಾದಿನಿ ಲಾಂಡ್ರಿಗೆ ಸೇರಿದಳು. ನನ್ನ ಜಾಗಕ್ಕೇ. ಮನೆಯಲ್ಲಿ ದುಡಿಯುವ ಕೈ ಬೇಕಿತ್ತು. ಮೇಸ್ತ್ರಿಯೇ ಹೇಳಿ ಕಳಿಸಿದ್ದ. ಅತ್ತೆ ಬೇಡವೆಂದರು. ನಾದಿನಿ "ಬೇರೆ ಎಲ್ಲಿ ಕೊಡ್ತಾರೆ ಹೇಳು, ಹೋಗ್ತೀನಿ" ಎಂದಳು. ಅತ್ತೆಗೆ ಹೇಳಲು ಬೇರೆ ಜಾಗ ಇರಲಿಲ್ಲ. ಬೆಳಿಗ್ಗೆ ಅವಳು ಹೊರಡುವಾಗ ನಾನು ಹಾಸಿಗೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದೆ. ಅವಳು "ಬರ್ತೀನಿ ಅತ್ತಿಗೆ" ಎನ್ನುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ.

ಪಾಸ್ಟರು ಮನೆಗೆ ಬಂದದ್ದು ಆಗ. ಅತ್ತೆ ಇದ್ದ ಒಂದೇ ಕುರ್ಚಿ ಕೊಟ್ಟರು. ಅವರು ಚಹಾ ಕುಡಿದರು. ಕೈ ಹೇಗಿದೆ ಎಂದು ಕೇಳಿದರು. ನಂತರ ಬಂದ ವಿಷಯ ಹೇಳಿದರು. ಚರ್ಚಿನ ಪಕ್ಕ ಕಟ್ಟಿದ ಹೊಸ ಸಭಾಂಗಣದ ಪ್ರತಿಷ್ಠೆ ಈ ಭಾನುವಾರ. ಹಿರಿಯರೇ ಕಟ್ಟಿಸಿದ್ದು. ಬೇರೆ ಚರ್ಚುಗಳಿಂದಲೂ ಜನ ಬರುತ್ತಾರೆ. ನಾನು ಎದ್ದು ನಿಂತು ಸಾಕ್ಷಿ ಹೇಳಬೇಕು.

"ಏನಂತ?" ಎಂದೆ.

"ನಿಮ್ಮ ಕಷ್ಟದಲ್ಲಿ ದೇವರು ಹೇಗೆ ಬಲ ಕೊಟ್ಟ ಅಂತ. ನೋವು ನಿಮ್ಮ ನಂಬಿಕೆಯನ್ನ ಹೇಗೆ ಗಟ್ಟಿ ಮಾಡ್ತು ಅಂತ. ಒಂದು ಕ್ಷಣ ಮೈಮರೆತೆ, ಆದರೆ ಆ ತಪ್ಪನ್ನೂ ದೇವರು ಒಳ್ಳೇದಕ್ಕೆ ಬಳಸಿದ ಅಂತ. ಯಾರ ಮೇಲೂ ನಿಮಗೆ ಕಹಿ ಇಲ್ಲ ಅಂತ. ನಾಲ್ಕು ಮಾತು ಸಾಕಮ್ಮ."

"ಮೈಮರೆತಿರಲಿಲ್ಲ ನಾನು."

ಪಾಸ್ಟರು ಲೋಟದೊಳಗೆ ನೋಡಿದರು. "ಹಿರಿಯರು ನಿಮ್ಮನ್ನ ಮತ್ತೆ ತಗೋತಾರೆ. ಗೇಟಿನ ಹತ್ತಿರ ಕೂತು ಮಾಡೋ ಕೆಲಸ. ಅವರೇ ಹೇಳಿದ್ರು. ಸಭೆಗೂ ನಿಮ್ಮ ಸಾಕ್ಷಿಯಿಂದ ಬಲ ಬರುತ್ತೆ. ನೀವು ಪುಟಕ್ಕಿಟ್ಟ ಚಿನ್ನ ಕಣಮ್ಮ."

ಅತ್ತೆ ಬಾಗಿಲಲ್ಲಿ ಕೂತು ಕಾಳು ಆರಿಸುತ್ತಿದ್ದರು. ತಲೆಯೆತ್ತದೆ ಮಾತಾಡಿದರು. "ನಾವು ಚಿನ್ನ ಅಂತ ಈಗ ಗೊತ್ತಾಯ್ತಾ ಪಾಸ್ಟರೇ? ಇಷ್ಟು ವರ್ಷ ಚಪ್ಪಲಿ ಬಿಡೋ ಜಾಗದಲ್ಲಿ ಕೂರಿಸಿದ್ರಲ್ಲ, ಯಾರಾದ್ರೂ ಕದ್ಕೊಂಡು ಹೋಗಿದ್ರೆ?"

ಪಾಸ್ಟರು ನಗಲು ನೋಡಿದರು. ಆಗಲಿಲ್ಲ.

"ಹಿರಿಯರಿಗೂ ಪುಟ ಬೇಡ್ವಾ? ಅವರ ಕೈ ಯಾವಾಗ ಇಡ್ತಾರಂತೆ?"

"ಅಮ್ಮ, ಹಾಗೆಲ್ಲ ಮಾತಾಡಬಾರದು. ಕ್ರಿಸ್ತನೂ ಬಾಯಿ ತೆರೀದೆ ನೋವು ತಿಂದ."

"ಬಾಯಿ ತೆರೀಲಿಲ್ವಾ?" ಅತ್ತೆ ಈಗ ತಲೆಯೆತ್ತಿದರು. "ನನಗೆ ಓದು ಬರಲ್ಲ. ಪ್ರತಿ ವರ್ಷ ನೀವೇ ಓದಿ ಹೇಳೋದು ಕೇಳ್ತೀನಿ. ಶಿಲುಬೆ ಮೇಲಿಂದ ಅಪ್ಪನ್ನೇ ಕೂಗಿ ಕೇಳಿದ್ನಲ್ಲ, ಯಾಕೆ ನನ್ನ ಕೈಬಿಟ್ಟೆ ಅಂತ. ಊರೆಲ್ಲ ಕೇಳೋ ಹಾಗೆ ಕೂಗಿದ. ಅದು ಬಾಯಿ ಅಲ್ವಾ?"

ಪಾಸ್ಟರು ಎದ್ದರು. ಬಾಗಿಲಲ್ಲಿ ನಿಂತು, ನನ್ನ ಕಡೆ ನೋಡದೆ, "ಭಾನುವಾರ ಬನ್ನಿ. ಪ್ರಾರ್ಥನೆ ಮಾಡಿ ಬನ್ನಿ" ಎಂದರು. ಚಪ್ಪಲಿ ಹಾಕಿಕೊಳ್ಳುವಾಗ ಅವರ ಕಾಲು ತಡವರಿಸಿತು.

ಮರುದಿನ ನಾದಿನಿ ಊಟದ ಡಬ್ಬಿ ಬಿಟ್ಟು ಹೋಗಿದ್ದಳು. ಅತ್ತೆಗೆ ಮೊಣಕಾಲು ನೋವು. ನಾನೇ ತೆಗೆದುಕೊಂಡು ಹೋದೆ. ಆ ಗೇಟು ದಾಟಿ ಬಹಳ ದಿನವಾಗಿತ್ತು. ಮಧ್ಯಾಹ್ನದ ಹೊತ್ತು. ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಅದೇ ವಾಸನೆ.  ಗೋಡೆ ಹಿಡಿದು ನಿಂತೆ.

ನಾದಿನಿ ನನ್ನ ಜಾಗದಲ್ಲಿ ನಿಂತಿದ್ದಳು. ಬಟ್ಟೆ ಹಿಡಿದು ಬಾಗುತ್ತಿದ್ದಳು, ಕೊಡುತ್ತಿದ್ದಳು, ಮತ್ತೆ ಬಾಗುತ್ತಿದ್ದಳು. ಅವಳ ಬೆರಳು ಪ್ರತಿ ಸಲ ರೋಲರಿನ ಬಾಯಿಯ ತನಕ ಹೋಗಿ ಬರುತ್ತಿತ್ತು. ಪಟ್ಟಿ ಮೇಲಿತ್ತು. ತಂತಿ ಇತ್ತು. ಮೊದಲಿನದಕ್ಕಿಂತ ದಪ್ಪ ತಂತಿ.

ಊಟಕ್ಕೆ ಬಿಟ್ಟಾಗ ಅವಳು ಹೊರಗೆ ಬಂದಳು. ಹಿಂದೆ ಉದ್ದಕ್ಕ. ನಾನು ತಂತಿಯ ಬಗ್ಗೆ ಕೇಳಿದೆ.

"ತಪಾಸಣೆಯವರು ಬಂದ ದಿನ ಬಿಚ್ಚಿದ್ರು ಅತ್ತಿಗೆ. ಅವರ ಕಾರು ಗೇಟು ದಾಟಿದ ತಕ್ಷಣ ಮತ್ತೆ ಕಟ್ಟಿದ್ರು."

"ನೀನು ಹೇಳ್ಲಿಲ್ಲ."

"ನೀವು ಕೇಳ್ಲಿಲ್ಲ."

ಅವಳು ತುತ್ತು ಎತ್ತುವಾಗ ಅಂಗಿಯ ತೋಳು ಮೇಲೆ ಸರಿಯಿತು. ಮಣಿಕಟ್ಟಿನ ಮೇಲೆ ಸುಟ್ಟ ಗೆರೆಗಳು. ಹೊಸವು, ಹಳೆಯವು. ಅವಳು ತೋಳನ್ನು ಎಳೆದುಕೊಂಡಳು. ಉದ್ದಕ್ಕ ಮುಖ ಆ ಕಡೆ ಮಾಡಿದಳು.

"ನಿನ್ನ ಕೈ ಹೋದ ದಿನದಿಂದ ನಂಗೆ ಕನಸಲ್ಲೂ ಆ ಪಟ್ಟಿ ಅಲ್ಲಾಡಲ್ಲ ಕಣೇ" ಎಂದಳು.

ನಾನು ವಾಪಸ್ಸು ಬರುವ ದಾರಿಯಲ್ಲಿ ಚರ್ಚಿನ ಬಾಗಿಲು ತೆರೆದಿತ್ತು. ಹೊಸ ಸಭಾಂಗಣಕ್ಕೆ ಕುರ್ಚಿ ಸಾಗಿಸುತ್ತಿದ್ದರು. ಚರ್ಚಿನೊಳಗೆ ಯಾರೂ ಇರಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತೆ. ಪ್ರಾರ್ಥಿಸಲು ಅಲ್ಲ. ಕಾಲು ಸೋತಿತ್ತು.

ನಮ್ಮ ಚರ್ಚಿನ ಶಿಲುಬೆ ಖಾಲಿ. ಮೇಲೆ ಯಾರೂ ಇಲ್ಲ. ಎರಡು ಮರದ ತುಂಡು, ಪಾಲಿಶ್ ಹೊಡೆದದ್ದು. ನಾನು ಅದರ ಎರಡು ತುದಿ ನೋಡಿದೆ. ಕೈ ಇದ್ದಿರಬೇಕಾದ ಜಾಗ. ಮೊಳೆ ಹೊಡೆಯುವವನು ಒಬ್ಬ ಕೂಲಿಯವನೇ ಇದ್ದಿರಬೇಕು. ಹೇಳಿದ್ದು ಮಾಡಿರಬೇಕು. ಹೊಡಿ ಎಂದವನು ಅಲ್ಲಿ ಇದ್ದಿರಲಿಕ್ಕಿಲ್ಲ. ಎಲ್ಲೋ ಕೂತು ಕೈ ತೊಳೆದುಕೊಂಡಿರಬೇಕು.

"ಯಾಕೆ ನನ್ನ ಕೈಬಿಟ್ಟೆ?" ಎಂದೆ. ಗಟ್ಟಿಯಾಗಿಯೇ ಎಂದೆ. ಖಾಲಿ ಬೆಂಚುಗಳಿಗೆ ಕೇಳಿಸಿತು. ಉತ್ತರ ಬರಲಿಲ್ಲ. ಶಿಲುಬೆಯ ಮೇಲೆ ಅವನಿಗೂ ಬಂದಿರಲಿಲ್ಲ.

ಸುಮ್ಮನೆ ಕೂತಿದ್ದೆ. ಒಂದು ವಿಷಯ ತಲೆಗೆ ಬಂತು. ಕ್ರಿಸ್ತ ಸಮಾಧಿಯಿಂದ ಎದ್ದು ಬಂದ ಮೇಲೂ ಮೊಳೆಯ ತೂತು ಮುಚ್ಚಿರಲಿಲ್ಲ. ಸಾವನ್ನೇ ದಾಟಿ ಬಂದವನಿಗೆ ಅಂಗೈಯ ಗಾಯ ಮುಚ್ಚಿಕೊಳ್ಳುವುದು ದೊಡ್ಡದಿರಲಿಲ್ಲ. ಮುಚ್ಚಿಕೊಳ್ಳಲಿಲ್ಲ. ಗೆಳೆಯರ ನಡುವೆ ನಿಂತು ಕೈ ಚಾಚಿದ. ನೋಡಿ ಎಂದ. ಮುಟ್ಟಿ ಎಂದ. ಇದು ನನ್ನ ಅಜಾಗರೂಕತೆ ಎನ್ನಲಿಲ್ಲ.

ಇಷ್ಟು ದಿನ ಹೊರಗೆ ಬಂದಾಗೆಲ್ಲ ನಾನು ಕೈಯನ್ನು ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದೆ. ಅಲ್ಲಿ ಬಿಚ್ಚಿದೆ. ತೊಡೆಯ ಮೇಲೆ ಇಟ್ಟು ನೋಡಿದೆ. ಕೆಂಪು, ಬಿಳಿ, ಹೊಳೆಯುವ ಚರ್ಮ. ಮೂರು ಬೆರಳು. ಬದುಕಿರುವವರ ಕೈಯೆಲ್ಲ ಒಂದು ಜಾತಿ, ನನ್ನ ಕೈ ಬೇರೆ ಜಾತಿ ಎಂದುಕೊಂಡಿದ್ದೆ. ಅಲ್ಲ. ಈ ಜಾತಿಯ ಕೈ ಇನ್ನೊಂದು ಇದೆ.

ಅಳು ಬರಲಿಲ್ಲ. ಬೆಳಕು ಬೀಳಲಿಲ್ಲ. ಮೈ ಬೆಚ್ಚಗಾಗಲಿಲ್ಲ. ಪಾಸ್ಟರು ಹೇಳುವ ಸಮಾಧಾನ ಯಾವುದೂ ಬರಲಿಲ್ಲ. ಎದ್ದು ನಿಂತಾಗ ಕಾಲು ಸೋತಿರಲಿಲ್ಲ. ಅಷ್ಟೇ ಆದದ್ದು.

ಭಾನುವಾರ ಹೊಸ ಸಭಾಂಗಣ ತುಂಬಿತ್ತು. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಮುಂದೆ ಯಜಮಾನರು, ಅವರ ಹೆಂಡತಿ, ಹೊರಗಿನಿಂದ ಬಂದ ದೊಡ್ಡವರು. ಹಿಂದೆ ನಾವು. ಅತ್ತೆ ನನ್ನ ತಲೆ ಬಾಚಿ ಗುಂಡಿ ಹಾಕಿ ಕರೆತಂದಿದ್ದರು. ಏನು ಹೇಳುತ್ತೀಯ ಎಂದು ಕೇಳಿರಲಿಲ್ಲ.

ಪಾಸ್ಟರು ನನ್ನನ್ನು ಕರೆದರು. ಒಬ್ಬ ಬಡ ಸಹೋದರಿ, ನೋವಿನಲ್ಲಿ ದೇವರನ್ನು ಕಂಡವಳು ಎಂದರು. ನಾನು ಕುರ್ಚಿಗಳ ನಡುವೆ ನಡೆದು ಮುಂದೆ ಹೋದೆ. ಅಷ್ಟು ಮುಂದೆ ಎಂದೂ ಹೋಗಿರಲಿಲ್ಲ. ಅಲ್ಲಿಂದ ನೋಡಿದರೆ ಹಿಂದಿನವರ ಮುಖ ಕಾಣುವುದೇ ಇಲ್ಲ. ಉದ್ದಕ್ಕನ ತಲೆ ಮಾತ್ರ ಕಂಡಿತು.

ಬಟ್ಟೆ ಸುತ್ತದ ಕೈಯನ್ನು ಮೇಲೆತ್ತಿದೆ. ಮುಂದಿನ ಸಾಲಿನಲ್ಲಿ ಒಬ್ಬಾಕೆ ಕಣ್ಣು ಮುಚ್ಚಿಕೊಂಡರು.

"ನೋಡಿ" ಎಂದೆ. "ಇದನ್ನ ದೇವರು ಸುಟ್ಟಿಲ್ಲ. ರೋಲರು ಸುಟ್ಟದ್ದು. ಕೈ ತಾಗಿದರೆ ನಿಲ್ಲಬೇಕಿತ್ತು. ನಿಲ್ಲಿಸೋ ಪಟ್ಟೀನ ತಂತಿ ಹಾಕಿ ಕಟ್ಟಿದಾರೆ. ನಾನು ಮೈಮರೆತಿರಲಿಲ್ಲ. ಇವತ್ತೂ ಕಟ್ಟಿದಾರೆ. ನನ್ನ ಜಾಗದಲ್ಲಿ ಈಗ ನನ್ನ ನಾದಿನಿ ನಿಲ್ತಾಳೆ."

ಮೈಕು ನಿಂತುಹೋಯಿತು. ಯಜಮಾನರು ಪಾಸ್ಟರ ಕಡೆ ನೋಡಿದರು. ಪಾಸ್ಟರು ಹಾಡುವವರ ಕಡೆ ಕೈ ಬೀಸಿದರು. ಪಿಯಾನೊ ಶುರುವಾಯಿತು. ಹಾಡು ಶುರುವಾಯಿತು. ಸಭೆಯೆಲ್ಲ ಎದ್ದು ನಿಂತಿತು. ಸಹನೆಯ ಬಗ್ಗೆ ಇರುವ ಹಾಡು. ಬಹಳ ಚರಣಗಳಿರುವ ಹಾಡು.

ನಾನು ಅಲ್ಲೇ ನಿಂತೆ. ಕೈ ಇಳಿಸಲಿಲ್ಲ. ಯಾರೋ ನನ್ನ ತೋಳು ಹಿಡಿದು ಮೆಲ್ಲಗೆ ಎಳೆದರು. ಅಲುಗಲಿಲ್ಲ. ರೋಲರಿನ ಮುಂದೆ ದಿನವಿಡೀ ನಿಂತ ಕಾಲುಗಳು ನನ್ನವು. ಒಂದು ಹಾಡು ಏನೂ ಅಲ್ಲ. ಎಲ್ಲ ಚರಣವೂ ಮುಗಿಯಿತು. ಜನ ಕೂತರು. ನಾನು ನಿಂತೇ ಇದ್ದೆ.

"ಅಮ್ಮ, ಸಾಕು" ಎಂದರು ಪಾಸ್ಟರು. ಅವರ ಹಣೆ ಬೆವರಿತ್ತು. "ಇದು ದೂರು ಹೇಳೋ ಜಾಗ ಅಲ್ಲ. ಕ್ಷಮಿಸೋ ಜಾಗ."

"ಕ್ಷಮಿಸಿದೀನಿ. ಕ್ಷಮೆ ನನ್ನ ಹತ್ರ ಇತ್ತು, ಕೊಟ್ಟೆ. ತಂತಿ ಅವರ ಹತ್ರ ಇದೆ. ಅವರು ಬಿಚ್ಚಲಿ."

ಯಜಮಾನರು ಎದ್ದರು. ಕೋಪ ಮಾಡಲಿಲ್ಲ. ಸಭೆಯ ಕಡೆ ತಿರುಗಿ, "ಪಾಪ, ಪೆಟ್ಟು ಬಿದ್ದಾಗಿನಿಂದ ಮನಸ್ಸು ಸರಿಯಿಲ್ಲ. ಎಲ್ಲರೂ ಇವಳಿಗೋಸ್ಕರ ಪ್ರಾರ್ಥಿಸೋಣ" ಎಂದರು. ಎಲ್ಲರೂ ತಲೆ ಬಗ್ಗಿಸಿದರು. ನಾನು ತಲೆ ಬಗ್ಗಿಸಿದ ಜನರ ಮೇಲಿಂದ ಹಿಂದಿನ ಸಾಲು ನೋಡಿದೆ. ಅಲ್ಲಿ ಉದ್ದಕ್ಕ ತಲೆ ಬಗ್ಗಿಸಿರಲಿಲ್ಲ. ಅವಳ ಪಕ್ಕ ಒಂದೊಂದಾಗಿ ಇನ್ನೂ ಕೆಲವು ತಲೆ ಮೇಲೆದ್ದವು. ಅವರ ಮುಖ ಈಗ ನನಗೆ ಕಂಡಿತು.

ಸೋಮವಾರ ನಡೆದದ್ದನ್ನು ನಾದಿನಿ ಹೇಳಿದಳು. ಹಬೆ ಏರಿತು. ಯಂತ್ರ ತಿರುಗಿತು. ಒದ್ದೆ ಬಟ್ಟೆಯ ಗಾಡಿ ಬಂತು. ಉದ್ದಕ್ಕ ಮತ್ತು ನಾದಿನಿ ರೋಲರಿನ ಮುಂದೆ ಹೋಗಿ ಕೈಕಟ್ಟಿ ನಿಂತರು. ಬಟ್ಟೆ ಮುಟ್ಟಲಿಲ್ಲ. ಮಡಿಸುವವರೂ ಕೈಕಟ್ಟಿದರು. ಮೇಸ್ತ್ರಿ ಬಂದು ಏನಾಯಿತು ಎಂದ.

"ಕಣ್ಣು ಬಿಟ್ಕೊಂಡು ನಿಂತಿದೀವಿ. ನೀನೇ ಹೇಳಿದ್ದಲ್ವಾ?" ಎಂದಳು ಉದ್ದಕ್ಕ.

ಮೇಸ್ತ್ರಿ ಬೈದ. ಹೊರಗೆ ಕೆಲಸಕ್ಕೆ ಕಾಯುವವರ ಸಾಲಿದೆ ಎಂದ. ಕರೆಯಿರಿ ಎಂದರು ನಿಂತವರು. ಗೇಟಿನ ಹತ್ತಿರದಿಂದ ಇಬ್ಬರು ಹೆಂಗಸರನ್ನು ಕರೆತಂದ. ನಾದಿನಿ ಅವರಿಗೆ ಪಟ್ಟಿಯನ್ನು ತೋರಿಸಿದಳು, ನನ್ನ ಕೈಯ ವಿಷಯ ಹೇಳಿದಳು. ಒಬ್ಬಳು ಹೊರಟುಹೋದಳು. ಇನ್ನೊಬ್ಬಳು ಒಬ್ಬಳೇ ಏನು ಮಾಡಿಯಾಳು, ಬಟ್ಟೆಗೆ ಎರಡು ತುದಿ. ಅವಳೂ ಕೈಕಟ್ಟಿ ಗೋಡೆಗೆ ಒರಗಿದಳು. ಗಾಡಿಯ ಮೇಲೆ ಗಾಡಿ ಬಂದು ನಿಂತಿತು. ಹೋಟೆಲುಗಳಿಂದ ಫೋನು ಬರತೊಡಗಿತು. ಯಾರೂ ಘೋಷಣೆ ಕೂಗಲಿಲ್ಲ. ಖಾಲಿ ರೋಲರು ತಿರುಗುವ ಸದ್ದು ಮಾತ್ರ. 

ಊಟದ ಹೊತ್ತು ಕಳೆದ ಮೇಲೆ ಮೇಸ್ತ್ರಿ ಇಕ್ಕಳ ತಂದ. ತಂತಿ ಕತ್ತರಿಸಿದ. ಪಟ್ಟಿ ಕೆಳಗೆ ತನ್ನ ಜಾಗಕ್ಕೆ ಬಿತ್ತು.

"ಆಮೇಲೆ?" ಎಂದರು ಅತ್ತೆ.

"ಆಮೇಲೆ ಬಟ್ಟೆ ಕೊಟ್ವಿ. ದಪ್ಪ ಬಟ್ಟೆ ಬಂದಾಗೆಲ್ಲ ನಿಲ್ತು. ನಿಂತಾಗೆಲ್ಲ ಉದ್ದಕ್ಕ, ಅಬ್ಬಾ, ಸೊಂಟಕ್ಕೆ ಎಷ್ಟು ಒಳ್ಳೇದು, ಅಂದ್ಲು."

ಅತ್ತೆ ನಕ್ಕರು. ನಾದಿನಿ ನಕ್ಕಳು. ನನ್ನ ಬಾಯಿಯೂ ಸ್ವಲ್ಪ ಅಗಲವಾಯಿತು ಎಂದು ಆಮೇಲೆ ನಾದಿನಿ ಹೇಳಿದಳು.

ಯಜಮಾನರು ಸುಮ್ಮನಿರಲಿಲ್ಲ. ಆ ವಾರವೇ ಉದ್ದಕ್ಕನನ್ನು ತೆಗೆದುಹಾಕಿದರು. ವಯಸ್ಸಾಯಿತು, ಬೆನ್ನು ಬಾಗಿದೆ ಎಂದರು. ಅವಳು ಈಗ ಮೂರು ಮನೆಗಳಲ್ಲಿ ನೆಲ ಒರೆಸುತ್ತಾಳೆ. ನಾದಿನಿಯನ್ನು ಒಗೆಯುವ ಕಡೆಗೆ ಹಾಕಿದರು. ಅಲ್ಲಿ ಕೈ ಸುಡುವುದಿಲ್ಲ, ಕೊಳೆಯುತ್ತದೆ. ಗೇಟಿನ ಕೆಲಸಕ್ಕೆ ನನ್ನನ್ನು ಕರೆಯಲಿಲ್ಲ. ನಾನು ಈಗ ಎಡಗೈಯಲ್ಲಿ ಗುಂಡಿ ಹೊಲಿಯುವುದನ್ನು ಕಲಿಯುತ್ತಿದ್ದೇನೆ. ಬಟ್ಟೆಯನ್ನು ಬಲಗೈಯಿಂದ ಒತ್ತಿ ಹಿಡಿಯುತ್ತೇನೆ. ಸೂಜಿ ಅದಕ್ಕೆ ಚುಚ್ಚಿದರೂ ಗೊತ್ತಾಗುವುದಿಲ್ಲ. ರಕ್ತ ನೋಡಿದರೆ ಗೊತ್ತಾಗುತ್ತದೆ. ಪಟ್ಟಿಯನ್ನು ಮತ್ತೆ ಕಟ್ಟಿಲ್ಲ. ಈಗ ಆ ಜಾಗದಲ್ಲಿ ನಿಲ್ಲುವವರು ಯಾರೋ ಹೊಸಬರು. ನನಗೆ ಅವರ ಪರಿಚಯ ಇಲ್ಲ.

ಚರ್ಚಿನ ಹಿರಿಯರೆಲ್ಲ ಸಭೆ ಸೇರಿ ನನ್ನ ಮೇಲೆ ಶಿಸ್ತಿನ ಕ್ರಮ ಎಂದು ತೀರ್ಮಾನಿಸಿದರು. ಪ್ರತಿಷ್ಠೆಯ ಆರಾಧನೆಯನ್ನು ಕೆಡಿಸಿದ್ದಕ್ಕೆ. ತಪ್ಪೊಪ್ಪಿಕೊಳ್ಳುವವರೆಗೆ ಕ್ರಿಸ್ತನ ನೆನಪಿಗೆ ರೊಟ್ಟಿ ಹಂಚುವ ಪ್ರಭುವಿನ ಭೋಜನದಲ್ಲಿ ನನಗೆ ಪಾಲಿಲ್ಲ. ಪಾಸ್ಟರೇ ಬಂದು ಹೇಳಿದರು. ಈ ಸಲ ಕುರ್ಚಿಯಲ್ಲಿ ಕೂರಲಿಲ್ಲ. "ನನ್ನ ಕೈಯಲ್ಲಿ ಏನೂ ಇಲ್ಲಮ್ಮ" ಎಂದರು. ನಾನು ಅವರ ಕೈ ನೋಡಿದೆ. ಎರಡೂ ಚೆನ್ನಾಗಿದ್ದವು.

"ಹೋಗೋದು ಬೇಡ ಬಿಡಿ ಅತ್ತಿಗೆ ಅಲ್ಲಿಗೆ" ಎಂದಳು ನಾದಿನಿ.

"ಹೋಗ್ತೀನಿ" ಎಂದೆ. "ಕ್ರಿಸ್ತ ಅವರೊಬ್ಬರವನಾ?"

ಭೋಜನದ ಭಾನುವಾರ ಹೋದೆ. ಹಿಂದಿನ ಬೆಂಚಿನಲ್ಲಿ ಅತ್ತೆಯ ಪಕ್ಕ ಕೂತೆ. ಸುತ್ತ ಕೂತಿದ್ದ ಲಾಂಡ್ರಿಯವರು ಸ್ವಲ್ಪ ಒತ್ತರಿಸಿ ಹತ್ತಿರ ಬಂದರು. ರೊಟ್ಟಿಯ ತಟ್ಟೆ ಮುಂದಿನಿಂದ ಸಾಲು ಸಾಲಾಗಿ ಹಿಂದಕ್ಕೆ ಬಂತು. ತಟ್ಟೆ ಹಿಡಿದವರು ನಮ್ಮ ಸಾಲಿಗೆ ಬಂದರು. ಒಬ್ಬೊಬ್ಬರಿಗೆ ಚಾಚಿದರು. ನನ್ನ ಮುಂದೆ ಬಂದಾಗ ತಟ್ಟೆಯನ್ನು ಎತ್ತಿ, ನನ್ನ ತಲೆಯ ಮೇಲಿಂದ ದಾಟಿಸಿ, ಅತ್ತೆಗೆ ಚಾಚಿದರು. ನನ್ನ ಮುಖ ನೋಡಲಿಲ್ಲ.

ಅತ್ತೆ ಒಂದು ತುಂಡು ತೆಗೆದುಕೊಂಡರು. ಪಾಸ್ಟರು ಮುಂದೆ ನಿಂತು, ಇದು ನಿಮಗಾಗಿ ಮುರಿದ ನನ್ನ ದೇಹ ಎಂಬ ಕ್ರಿಸ್ತನ ಮಾತುಗಳನ್ನು ಓದುತ್ತಿದ್ದರು. ಅತ್ತೆ ಅದನ್ನು ಬಾಯಿಗಿಡಲಿಲ್ಲ. ಸೋಡಾ ತಿಂದ ಆ ಬೆರಳುಗಳಿಂದ ಮುರಿದರು. ಗೋಧಿ ಕಾಳಿನಷ್ಟು ಪುಡಿ ಮಡಿಲಿಗೆ ಬಿತ್ತು.

"ಹಿಡಿ" ಎಂದರು. "ನಂಗೆ ಹಲ್ಲಿಲ್ಲ. ಅರ್ಧ ಸಾಕು."

ತಟ್ಟೆಯವರು ನಿಂತು ನೋಡಿದರು. ಏನೋ ಹೇಳಲು ಬಾಯಿ ತೆರೆದರು. ನಮ್ಮ ಸಾಲಿನವರೆಲ್ಲ ಅವರನ್ನೇ ನೋಡಿದರು. ಅವರು ಮುಂದಕ್ಕೆ ಹೋದರು.

ನಾನು ಬಲಗೈ ಚಾಚಿದೆ. ಅತ್ತೆ ಅಂಗೈಯ ನಡುವೆ ಇಟ್ಟರು. ಇಟ್ಟದ್ದು ಕೈಗೆ ಗೊತ್ತಾಗಲಿಲ್ಲ. ಭಾರ ಇಲ್ಲ, ಒರಟು ಇಲ್ಲ, ಏನೂ ಇಲ್ಲ. ಬಗ್ಗಿ ನೋಡಿದೆ.

ಇತ್ತು.